ಸಫಾರಿ, ಮೆಟ್ರೊಪಾಲಿಟನ್, ಪ್ರೆಪ್ಪಿ: ಮೊದಲ ಇಂಕ್ ಪೆನ್ ಯಾವುದಿರಲಿ?

#1 · ಕಾಗುಣಿತ
ಬಾಲ್‌ಪೆನ್ ಬಿಟ್ಟು ಇಂಕ್ ಪೆನ್ನಿಗೆ ಬರುವ ಯೋಚನೆ ಇದೆ. ಲ್ಯಾಮಿ ಸಫಾರಿ, ಪೈಲಟ್ ಮೆಟ್ರೊಪಾಲಿಟನ್, ಪ್ಲಾಟಿನಮ್ ಪ್ರೆಪ್ಪಿ, ಈ ಮೂರರಲ್ಲಿ ಒಂದನ್ನು ಆರಿಸಬೇಕು. ಬರೆಯುವುದು ಹೆಚ್ಚಾಗಿ ಕನ್ನಡ, ಅಕ್ಷರ ಚಿಕ್ಕದು, ನೋಟ್‌ಬುಕ್ಕಿನ ಗೆರೆಗಳ ನಡುವೆ 7 ಮಿ.ಮೀ. ಒಮ್ಮೊಮ್ಮೆ ವಾರಗಟ್ಟಲೆ ಪೆನ್ನು ಮುಟ್ಟದೆ ಇರುವುದೂ ಉಂಟು. ಮೂರೂ ಒಳ್ಳೆಯವೇ ಅಂತ ಎಲ್ಲ ಕಡೆ ಓದಿಯಾಯಿತು. ಯಾವುದು ಯಾರ ಕೈಗೆ ಒಗ್ಗುವುದಿಲ್ಲ ಅನ್ನುವುದನ್ನು ಹೇಳಿದರೆ ಉಪಕಾರ.

#2 · ಮಸಿಕುಡಿಕೆ
ನಿಬ್ಬಿನ ಮಾತು ಆಮೇಲೆ. ಮೊದಲು ಹಿಡಿತ ನೋಡಿಕೊಳ್ಳಿ. ಈ ಮೂರು ಪೆನ್ನುಗಳ ನಡುವಿನ ದೊಡ್ಡ ವ್ಯತ್ಯಾಸ ಅಲ್ಲೇ ಇರುವುದು.

ಸಫಾರಿ 1980ರಲ್ಲಿ ಬಂದದ್ದು, ಶಾಲಾ ಮಕ್ಕಳಿಗೆಂದು ರೂಪಿಸಿದ್ದು. ಹಿಡಿಕೆಯ ಮೇಲೆ ಎರಡು ಚಪ್ಪಟೆ ಮುಖಗಳಿವೆ. ಒಂದರ ಮೇಲೆ ಹೆಬ್ಬೆರಳು, ಇನ್ನೊಂದರ ಮೇಲೆ ತೋರುಬೆರಳು ಕೂರಬೇಕು. ಹಾಗೆ ಕೂತರೆ ನಿಬ್ಬು ತಾನಾಗಿ ಮೇಲ್ಮುಖವಾಗಿ ನಿಲ್ಲುತ್ತದೆ. ಆದರೆ ಪೆನ್ನನ್ನು ಸ್ವಲ್ಪ ಒಳಕ್ಕೋ ಹೊರಕ್ಕೋ ತಿರುಗಿಸಿ ಹಿಡಿಯುವ ಕೈ ನಿಮ್ಮದಾದರೆ ಎರಡೇ ದಾರಿ. ಆ ಮುಖಗಳ ಅಂಚು ಬೆರಳಿಗೆ ಒತ್ತುತ್ತಲೇ ಇರಬೇಕು, ಇಲ್ಲವೇ ನಿಬ್ಬು ಓರೆಯಾಗಿ ಒಂದು ಬದಿ ಮಾತ್ರ ಕಾಗದಕ್ಕೆ ತಾಗಿ ಗೆರೆ ಕಡಿಯುತ್ತಿರಬೇಕು. ಇದು ಅಭ್ಯಾಸದಿಂದ ಸರಿಹೋಗುತ್ತದೆ ಅನ್ನುವವರಿದ್ದಾರೆ. ವರ್ಷಗಳ ಹಿಡಿತ ಒಂದು ಪೆನ್ನಿಗಾಗಿ ಬದಲಾಗುವುದು ಅಪರೂಪ ಅಂತ ನನ್ನ ಅಭಿಪ್ರಾಯ.

ಮೆಟ್ರೊಪಾಲಿಟನ್‌ನ ಹಿಡಿಕೆ ದುಂಡು, ಹೇಗೆ ಬೇಕಾದರೂ ತಿರುಗಿಸಿ ಹಿಡಿಯಬಹುದು. ತೊಂದರೆ ಬೇರೆ: ಹಿಡಿಕೆಯೂ ಬ್ಯಾರೆಲ್ಲೂ (ಹಿಡಿಕೆಯ ಹಿಂದಿನ ಉದ್ದ ಕೊಳವೆ) ಸೇರುವಲ್ಲಿ ಒಂದು ಮೆಟ್ಟಿಲಿದೆ. ನಿಬ್ಬಿನಿಂದ ದೂರ, ಮೇಲಕ್ಕೆ ಹಿಡಿಯುವವರಿಗೆ ಆ ಮೆಟ್ಟಿಲು ಸರಿಯಾಗಿ ಬೆರಳಿನ ಕೆಳಗೆ ಬರುತ್ತದೆ. ಕೆಳಗೆ ಹಿಡಿಯುವವರಿಗೆ ಅದು ಇರುವುದೇ ಗೊತ್ತಾಗುವುದಿಲ್ಲ. ಜೊತೆಗೆ ಬ್ಯಾರೆಲ್ ಹಿತ್ತಾಳೆಯದು, ಕ್ಯಾಪ್ ಸೇರಿ ಸುಮಾರು 26 ಗ್ರಾಂ. ಸಫಾರಿ 17ರ ಆಸುಪಾಸು, ಪ್ರೆಪ್ಪಿ 13.

ಒಂದು ಸುಲಭ ಪರೀಕ್ಷೆ: ಈಗ ಬರೆಯುತ್ತಿರುವ ಬಾಲ್‌ಪೆನ್ನಿನಲ್ಲಿ ತುದಿಯಿಂದ ತೋರುಬೆರಳಿನವರೆಗಿನ ಅಂತರ ಅಳೆಯಿರಿ. 3 ಸೆಂ.ಮೀ.ಗಿಂತ ಹೆಚ್ಚಿದ್ದರೆ ಮೆಟ್ರೊಪಾಲಿಟನ್ ಕೊಳ್ಳುವ ಮೊದಲು ಒಮ್ಮೆ ಕೈಯಲ್ಲಿ ಹಿಡಿದು ನೋಡಲೇಬೇಕು.

#3 · ಓಲೆಗರಿ
ಕನ್ನಡ, ಚಿಕ್ಕ ಅಕ್ಷರ, 7 ಮಿ.ಮೀ. ಅಂದಿರಿ. ಹಾಗಾದರೆ ನಿರ್ಧಾರ ಅರ್ಧ ಮುಗಿದಂತೆಯೇ.

7 ಮಿ.ಮೀ. ಅಂತರದಲ್ಲಿ ಒತ್ತಕ್ಷರಕ್ಕೆ ಜಾಗ ಬಿಟ್ಟು ಬರೆದರೆ ಮೂಲಾಕ್ಷರದ ಎತ್ತರ 2.5ರಿಂದ 3 ಮಿ.ಮೀ. ಅದರ ಕೆಳಗಿನ ಒತ್ತು ಹೆಚ್ಚೆಂದರೆ 1.5 ಮಿ.ಮೀ. 'ರಾಷ್ಟ್ರ', 'ಲಕ್ಷ್ಮಿ', 'ಸ್ವಾತಂತ್ರ್ಯ' ಇವನ್ನು 0.6 ಮಿ.ಮೀ. ಗೆರೆಯಲ್ಲಿ ಬರೆದು ನೋಡಿ. ಒತ್ತಿನೊಳಗಿನ ಸುಳಿಗಳು ಮುಚ್ಚಿ ಹೋಗಿ ಬರಿಯ ಮಸಿಚುಕ್ಕೆ ಉಳಿಯುತ್ತದೆ. ಇಂಗ್ಲಿಷ್ ಬರೆಯುವವರು ಮೆಚ್ಚಿ ಹೇಳುವ ಎಂ (ಮೀಡಿಯಂ, ಮಧ್ಯಮ) ನಿಬ್ಬು ನಮ್ಮ ಲಿಪಿಗೆ ದಪ್ಪವಾಗುವುದು ಇದೇ ಕಾರಣಕ್ಕೆ.

ಜಪಾನಿನ ನಿಬ್ಬುಗಳು ಯುರೋಪಿನವಕ್ಕಿಂತ ಸುಮಾರು ಒಂದು ಅಳತೆ ಸಣ್ಣ. ಲ್ಯಾಮಿಯ ಎಫ್ (ಫೈನ್, ಸಣ್ಣ) 0.6ರ ಹತ್ತಿರ, ಇಎಫ್ (ಎಕ್ಸ್‌ಟ್ರಾ ಫೈನ್, ಇನ್ನೂ ಸಣ್ಣ) 0.5ರ ಹತ್ತಿರ ಗೆರೆ ಎಳೆಯುತ್ತದೆ. ಪೈಲಟ್ಟಿನ ಎಫ್ ಸುಮಾರು 0.4. ಪ್ರೆಪ್ಪಿಯ ನಿಬ್ಬುಗಳಿಗೆ 02, 03, 05 ಅಂತಲೇ ಹೆಸರು, ಕ್ರಮವಾಗಿ ಇಎಫ್, ಎಫ್, ಎಂ. ಕಾಗದ, ಶಾಯಿಗೆ ತಕ್ಕಂತೆ ಇವೆಲ್ಲ ಸ್ವಲ್ಪ ಆಚೀಚೆ ಆಗುತ್ತವೆ.

ಹಾಗಂತ 02ಕ್ಕೆ ಹಾರಬೇಡಿ. ನಿಬ್ಬಿನ ತುದಿ ಸಣ್ಣದಾದಷ್ಟೂ ಕಾಗದದ ನಾರಿಗೆ ಸಿಕ್ಕಿಕೊಳ್ಳುವುದು ಹೆಚ್ಚು. ಕನ್ನಡ ಅಕ್ಷರಗಳಲ್ಲಿ ಸುತ್ತು ಜಾಸ್ತಿ, ಅಂದರೆ ಅರ್ಧಕ್ಕರ್ಧ ಗೆರೆಗಳಲ್ಲಿ ನಿಬ್ಬನ್ನು ಎಳೆಯುವುದಿಲ್ಲ, ತಳ್ಳುತ್ತೇವೆ. ತಳ್ಳುವಾಗಲೇ ಸಣ್ಣ ನಿಬ್ಬು ಕೆರೆಯುವುದು. ಕಡಿಮೆ ಒತ್ತಡದ ಕೈಯಾದರೆ 02 ಬಹಳ ಸೊಗಸು. ಬಾಲ್‌ಪೆನ್ನಿನ ಒತ್ತಡ ಇನ್ನೂ ಕೈಯಲ್ಲಿರುವವರಿಗೆ 03 ಅಥವಾ ಪೈಲಟ್ ಎಫ್ ಕ್ಷೇಮ.

#4 · ನೀಲಿಗೆರೆ
ಓಲೆಗರಿಯವರ ಲೆಕ್ಕ ಒಪ್ಪುತ್ತೇನೆ, ತೀರ್ಪು ಒಪ್ಪುವುದಿಲ್ಲ. ಸಫಾರಿಯ ಇಎಫ್‌ಗೆ ಒಣ ಶಾಯಿ ಹಾಕಿ ನೋಡಿ. ಪೆಲಿಕನ್ 4001ನಂತಹ ಶಾಯಿ ಹರಿಯುವುದೇ ಕಡಿಮೆ, ಗೆರೆ ಸಣ್ಣದಾಗುತ್ತದೆ. ಅದೇ ನಿಬ್ಬಿಗೆ ಪೈಲಟ್ ಇರೊಶಿಜುಕು ಹಾಕಿದರೆ ಧಾರಾಳವಾಗಿ ಹರಿದು ದಪ್ಪ. ಹೀರುವ ಕಾಗದದ ಮೇಲಂತೂ ನಿಬ್ಬಿನ ಮೇಲೆ ಬರೆದ ಅಕ್ಷರಕ್ಕೆ ಅರ್ಥವೇ ಇಲ್ಲ. ಮಸಿ ನಾರಿನ ಗುಂಟ ಹರಡಿ ಎಫ್ ಅನ್ನುವುದು ಎಂ ಆಗುತ್ತದೆ.

ಇನ್ನು ಸಫಾರಿಯ ದೊಡ್ಡ ಅನುಕೂಲ, ಯಾರೂ ಹೇಳಲಿಲ್ಲ: ನಿಬ್ಬು ಬಿಡಿಯಾಗಿ ಸಿಗುತ್ತದೆ, ಅರ್ಧ ನಿಮಿಷದಲ್ಲಿ ಬದಲಾಯಿಸಬಹುದು. ಇಎಫ್ ಬೇಸರವಾದರೆ ಎಂ, ಅದೂ ಬೇಸರವಾದರೆ ಚಪ್ಪಟೆ ತುದಿಯ 1.1.

ವಿಧಾನ: ನಿಬ್ಬನ್ನು ಒರೆಸಿ ಒಣಗಿಸಿ. ಮೇಲ್ಭಾಗಕ್ಕೆ ಸೆಲ್ಲೊಟೇಪಿನ ತುಂಡೊಂದನ್ನು ಉದ್ದಕ್ಕೆ ಒತ್ತಿ ಅಂಟಿಸಿ. ಹಿಡಿಕೆಯನ್ನು ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದು ಟೇಪನ್ನು ನೇರ ಮುಂದಕ್ಕೆ ಎಳೆಯಿರಿ. ಮೇಲಕ್ಕೆ ಎತ್ತಿ ಎಳೆದರೆ ನಿಬ್ಬು ಬಾಗುತ್ತದೆ. ಹೊಸದನ್ನು ಹಾಕುವಾಗ ನಿಬ್ಬಿನ ಎರಡು ಮಡಿಕೆಗಳು ಫೀಡಿನ (ನಿಬ್ಬಿನ ಕೆಳಗಿನ ಕಪ್ಪು ಪ್ಲಾಸ್ಟಿಕ್) ಎರಡೂ ಬದಿಯ ಜಾಡಿನಲ್ಲಿ ಕೂತಿವೆಯೇ ನೋಡಿ, ಹೆಬ್ಬೆರಳ ಉಗುರಿನಿಂದ ನಿಬ್ಬಿನ ಹಿಂಬದಿ ತಳ್ಳಿ. ತುದಿಯನ್ನು ಹಿಡಿದು ತಳ್ಳಬೇಡಿ. ಪೂರ್ತಿ ಕೂರದೆ ಅರ್ಧದಲ್ಲಿ ನಿಂತರೆ ಶಾಯಿ ಸೀಳಿಗೆ ಮುಟ್ಟುವುದಿಲ್ಲ. 'ಹೊಸ ನಿಬ್ಬು ಬರೆಯುತ್ತಿಲ್ಲ' ಅನ್ನುವ ದೂರುಗಳಲ್ಲಿ ಇದೂ ಒಂದು.

#5 · ಕಾಗುಣಿತ
ಹಿಡಿತ ಅಳೆದೆ, 3.5 ಸೆಂ.ಮೀ. ಪೆನ್ನು ಸ್ವಲ್ಪ ಒಳಕ್ಕೆ ತಿರುಗುತ್ತದೆ ಕೂಡ. ಅಂದರೆ ಸಫಾರಿಯೂ ಕಷ್ಟ, ಮೆಟ್ರೊಪಾಲಿಟನ್ನೂ ಕಷ್ಟ. ಪ್ರೆಪ್ಪಿ ಒಂದೇ ಉಳಿಯಿತೇ? ಎರಡು ವಾರ ಮುಟ್ಟದಿದ್ದರೆ ಒಣಗುತ್ತದೆಯೇ?

#6 · ಬಿಂದುಮಾಲೆ
ಒಣಗುವ ವಿಷಯದಲ್ಲಿ ಪ್ರೆಪ್ಪಿಗೆ ಸಮ ಈ ಗುಂಪಿನಲ್ಲಿ ಇಲ್ಲ. ಕ್ಯಾಪಿನೊಳಗೆ ಸ್ಪ್ರಿಂಗಿನ ಮೇಲೆ ಕೂತ ಇನ್ನೊಂದು ಚಿಕ್ಕ ಕ್ಯಾಪಿದೆ. ಮುಚ್ಚಿದಾಗ ಅದು ಹಿಡಿಕೆಯ ಅಂಚಿಗೆ ಒತ್ತಿ ಗಾಳಿ ಆಡದಂತೆ ಮಾಡುತ್ತದೆ. ಪ್ಲಾಟಿನಮ್‌ನವರು ಇದನ್ನು ಸ್ಲಿಪ್ ಅಂಡ್ ಸೀಲ್ ಅನ್ನುತ್ತಾರೆ, ತಮ್ಮ ದುಬಾರಿ 3776 ಸೆಂಚುರಿಯಲ್ಲೂ ಇದೇ ತತ್ವ. ತಿಂಗಳುಗಟ್ಟಲೆ ಬಿಟ್ಟು ತೆಗೆದರೂ ಮೊದಲ ಗೆರೆಗೇ ಬರೆಯುತ್ತದೆ. ಸಫಾರಿಯನ್ನು ಎರಡು ಮೂರು ವಾರ ಬಿಟ್ಟರೆ ಮೊದಲ ಸಾಲು ಗಾಢವಾಗಿ, ತಡವರಿಸುತ್ತ ಬರುವ ಸಾಧ್ಯತೆ ಇದೆ. ನೀರು ಆರಿ ಬಣ್ಣ ಉಳಿದದ್ದರ ಲಕ್ಷಣ ಅದು.

ಪ್ರೆಪ್ಪಿಯ ದೌರ್ಬಲ್ಯವೂ ತಿಳಿದಿರಲಿ: ಪಾರದರ್ಶಕ ಪ್ಲಾಸ್ಟಿಕ್ ಗಡಸು, ಬಾಗುವುದಕ್ಕಿಂತ ಬಿರುಕು ಬಿಡುವುದು ಬೇಗ. ಸಾಮಾನ್ಯವಾಗಿ ಕ್ಯಾಪಿನ ಬಾಯಿ ಮತ್ತು ಕ್ಲಿಪ್ಪಿನ ಬುಡ. ಕ್ಯಾಪಿನ ಬಾಯಿ ಬಿರಿದರೆ ಮುಚ್ಚಳ ಸಡಿಲವಾಗಿ ಒಳಗಿನ ಸೀಲೂ ಕೆಲಸ ಮಾಡುವುದಿಲ್ಲ. ಇದು ಬೇಡವಾದರೆ ಪ್ಲೆಸೀರ್ ನೋಡಿ: ಅದೇ ನಿಬ್ಬು, ಅದೇ ಫೀಡು, ಅದೇ ಸೀಲು, ಮೈ ಮಾತ್ರ ಅಲ್ಯೂಮಿನಿಯಂ. ಪ್ರೆಪ್ಪಿಯ 02 ನಿಬ್ಬನ್ನು ಫೀಡಿನ ಸಮೇತ ಎಳೆದು ಪ್ಲೆಸೀರಿಗೆ ಕೂರಿಸುವುದೂ ಆಗುತ್ತದೆ.

#7 · ಮಸಿಕುಡಿಕೆ
ಕಾಗುಣಿತ, ಪಟ್ಟಿಗೆ ನಾಲ್ಕನೆಯದೊಂದು ಸೇರಿಸಿ: ಪೈಲಟ್ ಕಾಕುನೊ. 2013ರದ್ದು. ಮೆಟ್ರೊಪಾಲಿಟನ್‌ನ ನಿಬ್ಬೇ ಇದರದ್ದೂ, ಒಂದರಿಂದ ಒಂದಕ್ಕೆ ಬದಲಾಯಿಸಬಹುದು. ಮೆಟ್ಟಿಲಿಲ್ಲ, ಲೋಹದ ಭಾರವಿಲ್ಲ. ಹಿಡಿಕೆ ತುಸು ತ್ರಿಕೋನ, ಆದರೆ ಅಂಚುಗಳು ಉರುಟು. ಸಫಾರಿಯಷ್ಟು ಹಟ ಮಾಡುವುದಿಲ್ಲ. ಇಎಫ್, ಎಫ್, ಎಂ ಮೂರೂ ಇವೆ. ನಿಬ್ಬಿನ ಮೇಲೆ ನಗುಮುಖ ಕೆತ್ತಿದ್ದಾರೆ, ಮಕ್ಕಳಿಗೆ ನಿಬ್ಬಿನ ಮೇಲ್ಮೈ ಯಾವುದೆಂದು ತಿಳಿಯಲಿ ಅಂತ. ದೊಡ್ಡವರಿಗೂ ಉಪಯೋಗವೇ: ಮುಖ ನಿಮ್ಮನ್ನು ನೋಡುತ್ತಿದ್ದರೆ ಪೆನ್ನು ಸರಿಯಾಗಿ ಹಿಡಿದಿದ್ದೀರಿ. ಕ್ಲಿಪ್ ಇಲ್ಲ, ಜೇಬಿಗೆ ಸಿಕ್ಕಿಸುವವರಿಗೆ ಅದು ಕೊರತೆ.

#8 · ತೊಟ್ಟುಮಸಿ
ಕಾಕುನೊಗೆ ನನ್ನ ಮತವೂ ಇದೆ. ಅದೇ ನಿಬ್ಬು ಬೇಕು, ಗಟ್ಟಿ ಮೈಯೂ ಬೇಕು ಅಂದರೆ ಮೆಟ್ರೊಪಾಲಿಟನ್. ಅದಕ್ಕೂ ಕಾನ್-70 (ಬಾಟಲಿಯಿಂದ ಶಾಯಿ ಎಳೆದುಕೊಳ್ಳುವ ಪೈಲಟ್ಟಿನ ಕನ್ವರ್ಟರ್) ಹಾಕಿಕೊಂಡರೆ ಶಾಯಿಯ ಚಿಂತೆ ಇರುವುದಿಲ್ಲ.

#9 · ಬಿಂದುಮಾಲೆ
ತೊಟ್ಟುಮಸಿಯವರೇ, ಕಾನ್-70 ಮೆಟ್ರೊಪಾಲಿಟನ್‌ಗೆ ಹಿಡಿಸುವುದಿಲ್ಲ, ಬ್ಯಾರೆಲ್ಲಿನಲ್ಲಿ ಅಷ್ಟು ಜಾಗವಿಲ್ಲ. ಅದಕ್ಕೆ ಕಾನ್-40. ಕಾನ್-70 ಕಾಕುನೊಗೆ ಸರಿ ಹೊಂದುತ್ತದೆ. ಕನ್ವರ್ಟರ್ ವಿಷಯದಲ್ಲಿ ಹೊಸಬರು ಬಹಳ ದುಡ್ಡು ಕಳೆಯುತ್ತಾರೆ, ಹಾಗಾಗಿ ಒಂದೇ ಕಡೆ ಬರೆದಿಡುತ್ತೇನೆ.

ಸಫಾರಿಗೆ ಲ್ಯಾಮಿಯ ಝಡ್ 28 (ಹಳೆಯ ಹೆಸರು ಝಡ್ 24), ಕೆಂಪು ಗುಬುಟಿನದು. ಅದರ ಎರಡು ಚಿಕ್ಕ ಮೊಳೆಗಳು ಹಿಡಿಕೆಯ ತುದಿಯ ಕಚ್ಚುಗಳಲ್ಲಿ ಕೂರಬೇಕು. ಕೂರಿಸದೆ ಬ್ಯಾರೆಲ್ ತಿರುಗಿಸಿದರೆ ಮೊಳೆ ಮುರಿಯುತ್ತದೆ. ಪ್ರೆಪ್ಪಿ, ಪ್ಲೆಸೀರಿಗೆ ಪ್ಲಾಟಿನಮ್‌ನದೇ ಕನ್ವರ್ಟರ್. ಪೈಲಟ್ಟಿನ ಮಾಮೂಲಿ ಪೆನ್ನುಗಳಿಗೆ ಪೈಲಟ್ಟಿನದೇ. ಆದರೆ ಯುರೋಪಿನಲ್ಲಿ ಎಂಆರ್ ಹೆಸರಲ್ಲಿ ಮಾರುವ ಮೆಟ್ರೊಪಾಲಿಟನ್ ಸ್ಟ್ಯಾಂಡರ್ಡ್ ಇಂಟರ್‌ನ್ಯಾಷನಲ್ ಅಳತೆಯದು, ಅದಕ್ಕೆ ಕಾನ್-40 ಕೂರುವುದಿಲ್ಲ. ತರಿಸಿಕೊಳ್ಳುವ ಮೊದಲು ಕೇಳಿ ಖಚಿತ ಮಾಡಿಕೊಳ್ಳಿ.

ಎಷ್ಟು ಹಿಡಿಯುತ್ತದೆ: ಕಾನ್-40 ಸುಮಾರು 0.4 ಮಿ.ಲೀ., ಕಾನ್-70 ಸುಮಾರು 1.1, ಪೈಲಟ್ ಕಾರ್ಟ್ರಿಡ್ಜ್ (ಶಾಯಿ ತುಂಬಿಯೇ ಬರುವ ಚಿಕ್ಕ ಕೊಳವೆ) 0.9, ಲ್ಯಾಮಿ ಟಿ10 ಕಾರ್ಟ್ರಿಡ್ಜ್ 1ರ ಮೇಲೆ. ಕಾನ್-40 ಒಂದೇ ಸಲಕ್ಕೆ ಪೂರ್ತಿ ತುಂಬುವುದೂ ಇಲ್ಲ. ಒಮ್ಮೆ ತುಂಬಿ, ನಿಬ್ಬು ಮೇಲೆ ಮಾಡಿ, ಒಳಗಿನ ಗಾಳಿ ಹೊರಹೋಗುವವರೆಗೆ ನಿಧಾನವಾಗಿ ತಿರುಗಿಸಿ, ಮತ್ತೆ ಬಾಟಲಿಗೆ ಅದ್ದಿ ಎಳೆಯಬೇಕು.

#10 · ಕರಿಹಲಗೆ
ಪ್ರೆಪ್ಪಿಗೆ ಕನ್ವರ್ಟರೇ ಬೇಡ. ಬ್ಯಾರೆಲ್ಲಿಗೇ ಶಾಯಿ ತುಂಬಿ ಐಡ್ರಾಪರ್ ಮಾಡಿಕೊಳ್ಳಿ, 3ರಿಂದ 4 ಮಿ.ಲೀ. ಹಿಡಿಯುತ್ತದೆ.

ಬ್ಯಾರೆಲ್ ತೊಳೆದು ಪೂರ್ತಿ ಒಣಗಿಸಿ. ಹಿಡಿಕೆಯ ಮರೆಗೆ (ತಿರುಚುವ ಭಾಗಕ್ಕೆ) ರಬ್ಬರ್ ಓ-ರಿಂಗ್ ಏರಿಸಿ, ಅದು ಮರೆ ಮುಗಿದು ಹಿಡಿಕೆ ಶುರುವಾಗುವಲ್ಲಿ ಅಂಟಿಕೊಂಡಂತೆ ಇರಲಿ. ಮರೆಯ ಸುತ್ತ ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಸವರಿ. ಪೆಟ್ರೋಲಿಯಂ ಜೆಲ್ಲಿ ಬೇಡ, ರಬ್ಬರ್ ಉಬ್ಬಿ ಹಾಳಾಗುತ್ತದೆ. ಸಿರಿಂಜಿನಿಂದ ಬ್ಯಾರೆಲ್ಲಿನ ಮರೆಯ ಕೆಳಗಿನವರೆಗೆ ಶಾಯಿ ತುಂಬಿ ಕೈಯಿಂದ ಬಿಗಿಯಾಗುವಷ್ಟು ತಿರುಗಿಸಿ. ಇನ್ನೂ ಅರ್ಧ ಸುತ್ತು ಅಂತ ಬಲ ಹಾಕಿದರೆ ಬಿರುಕು ಗ್ಯಾರಂಟಿ.

ಸಮಸ್ಯೆ ಒಂದಿದೆ. ಶಾಯಿ ಮೂರನೇ ಒಂದು ಭಾಗಕ್ಕೆ ಇಳಿದಾಗ ಉಳಿದದ್ದೆಲ್ಲ ಗಾಳಿ. ಕೈಯ ಬಿಸಿಗೆ ಆ ಗಾಳಿ ಹಿಗ್ಗಿ ಶಾಯಿಯನ್ನು ಫೀಡಿನೊಳಕ್ಕೆ ನೂಕುತ್ತದೆ, ಫೀಡಿನ ಪದರಗಳು ತಡೆಯುವಷ್ಟನ್ನು ತಡೆದು ಮಿಕ್ಕದ್ದನ್ನು ಪುಟದ ಮೇಲೆ ಬಿಡುತ್ತವೆ. ಅರ್ಧಕ್ಕೆ ಬಂದಾಗಲೇ ಮತ್ತೆ ತುಂಬುವುದು ಪರಿಹಾರ. ಮೆಟ್ರೊಪಾಲಿಟನ್ ಲೋಹ, ಕಾಕುನೊ ಬ್ಯಾರೆಲ್ಲಿಗೆ ತೂತಿದೆ, ಅವೆರಡಕ್ಕೂ ಈ ಪ್ರಯೋಗ ಬೇಡ. ಕೆಂಪು, ನೇರಳೆ ಶಾಯಿಗಳ ಕಲೆ ಪಾರದರ್ಶಕ ಮೈಯಿಂದ ಹೋಗುವುದಿಲ್ಲ ಅನ್ನುವುದೂ ನೆನಪಿರಲಿ.

#11 · ನೀಲಿಗೆರೆ
ಅಷ್ಟು ಶಾಯಿ ಬೇಕಾದರೆ ಟ್ವಿಸ್ಬಿ ಇಕೊ ತಗೊಳ್ಳಬಹುದಲ್ಲ? ಪಿಸ್ಟನ್ ಪೆನ್ನು (ಮೈಯೊಳಗೇ ಶಾಯಿ ಎಳೆದುಕೊಳ್ಳುವಂಥದು), ಸುಮಾರು 1.7 ಮಿ.ಲೀ., ಬಿಚ್ಚುವ ಸಾಧನವೂ ಗ್ರೀಸೂ ಡಬ್ಬದಲ್ಲೇ ಬರುತ್ತವೆ. ಓ-ರಿಂಗ್ ಹುಡುಕುವ ಕೆಲಸ ಇಲ್ಲ.

#12 · ಓಲೆಗರಿ
ಒಳ್ಳೆಯ ಪೆನ್ನೇ, ಆದರೆ ಬೆಲೆಯಲ್ಲಿ ಇವುಗಳಿಗಿಂತ ಒಂದು ಮೆಟ್ಟಿಲು ಮೇಲೆ, ನಿಬ್ಬೂ ಯುರೋಪಿನ ಅಳತೆಯದು. ಈ ಪ್ರಶ್ನೆಗೆ ಉತ್ತರವಲ್ಲ.

#13 · ಎಡಗೈ
ಎಡಗೈಯವರಿಗೆ?

#14 · ಮಸಿಕುಡಿಕೆ
ಸಾಲಿನ ಕೆಳಗೆ ಕೈಯಿಟ್ಟು ಬರೆಯುವವರಾದರೆ ಯಾವುದಾದರೂ ನಡೆಯುತ್ತದೆ. ಕೈಯನ್ನು ಕೊಕ್ಕೆಯಂತೆ ಬಾಗಿಸಿ ಮೇಲಿನಿಂದ ಬರೆಯುವವರಿಗೆ ಬಹಳಷ್ಟು ಗೆರೆ ತಳ್ಳುಗೆರೆ, ತೀರ ಸಣ್ಣ ನಿಬ್ಬು ಕೆರೆಯುತ್ತದೆ. ಪೈಲಟ್ ಎಂ ನೋಡಿ. ಲ್ಯಾಮಿಯಲ್ಲಿ ಎಡಗೈಗೆಂದೇ ಎಲ್‌ಹೆಚ್ ನಿಬ್ಬು ಇದೆ. ಬೇಗ ಒಣಗುವ ಶಾಯಿ ಕಡ್ಡಾಯ, ಇಲ್ಲದಿದ್ದರೆ ಬರೆದದ್ದೆಲ್ಲ ಅಂಗೈಗೆ.

#15 · ಬಿಂದುಮಾಲೆ
ಯಾವುದನ್ನೇ ಕೊಂಡರೂ, 'ಹೊಸ ಪೆನ್ನು ಬರೆಯುತ್ತಿಲ್ಲ' ಅಂತ ಇಲ್ಲಿಗೇ ಮರಳಿ ಬರುವವರು ಬಹಳ. ಲಕ್ಷಣ ನೋಡಿ ಕಾರಣ ಹಿಡಿಯಬಹುದು.

ಶುರುವಿನಲ್ಲೇ ಮಸಿ ಬರುವುದಿಲ್ಲ, ಅಥವಾ ಹನಿ ನಿಬ್ಬಿನ ಮೇಲೆ ಮುದ್ದೆಯಾಗಿ ನಿಲ್ಲುತ್ತದೆ: ತಯಾರಿಕೆಯ ಎಣ್ಣೆ ಫೀಡಿನಲ್ಲಿ ಉಳಿದಿದೆ. ಒಂದು ಲೋಟ ನೀರಿಗೆ ಪಾತ್ರೆ ತೊಳೆಯುವ ದ್ರವದ ಒಂದೇ ಹನಿ ಹಾಕಿ, ಕನ್ವರ್ಟರಿನಿಂದ ಹತ್ತು ಹದಿನೈದು ಸಲ ಎಳೆದು ಬಿಟ್ಟು, ಆಮೇಲೆ ಬರಿ ನೀರಿನಲ್ಲಿ ಅಷ್ಟೇ ಸಲ. ಬಿಸಿನೀರು ಬೇಡ, ಫೀಡು ಸೊಟ್ಟಗಾಗುತ್ತದೆ. ನಿಬ್ಬು ಕೆಳಗೆ ಮಾಡಿ ಬಟ್ಟೆಯ ಮೇಲೆ ಒಂದು ರಾತ್ರಿ ಬಿಡಿ.

ಅರ್ಧ ಪುಟ ಚೆನ್ನಾಗಿ ಬರೆದು ನಿಂತುಹೋಗುತ್ತದೆ: ಶಾಯಿ ಕನ್ವರ್ಟರಿನ ಹಿಂತುದಿಗೆ ಅಂಟಿಕೊಂಡಿದೆ, ಫೀಡಿನ ಬಳಿ ಗಾಳಿಗುಳ್ಳೆ ಕೂತಿದೆ. ಬೆರಳಿನಿಂದ ತಟ್ಟಿ ಇಳಿಸಿ. ಕಾನ್-40ರಲ್ಲಿ ಪುಟ್ಟ ಲೋಹದ ಗುಂಡುಗಳಿರುವುದು ಈ ಗುಳ್ಳೆ ಒಡೆಯಲೆಂದೇ. ಪದೇ ಪದೇ ಆದರೆ ಸೋಪು ನೀರಿನಲ್ಲಿ ಕನ್ವರ್ಟರನ್ನೇ ತೊಳೆಯಿರಿ.

ಪ್ರತಿ ಅಕ್ಷರದ ಮೊದಲ ಎಳೆ ಮಾತ್ರ ಬೀಳುವುದಿಲ್ಲ, ಸ್ವಲ್ಪ ಒತ್ತಿದರೆ ಬೀಳುತ್ತದೆ, ಆದರೆ ನಿಬ್ಬು ಅತಿ ನುಣುಪು: ತುದಿಯ ಬಳಿ ಸೀಳಿನ ಒಳ ಅಂಚನ್ನು ಅತಿಯಾಗಿ ಉರುಟು ಮಾಡಿದ್ದಾರೆ. ಮಸಿ ಸೀಳಿನಲ್ಲಿದೆ, ಕಾಗದಕ್ಕೆ ಮುಟ್ಟುತ್ತಿಲ್ಲ. ತೊಳೆದರೆ ಹೋಗುವ ರೋಗ ಇದಲ್ಲ. ಹರಿವು ಹೆಚ್ಚಿರುವ ಶಾಯಿ ಹಾಕಿ ನೋಡಿ, ಆಗದಿದ್ದರೆ ನಿಬ್ಬು ಬದಲಾಯಿಸಿ.

ಒಂದು ದಿಕ್ಕಿಗೆ ಮಾತ್ರ ಕೆರೆಯುತ್ತದೆ: ನಿಬ್ಬಿನ ಎರಡು ಎಸಳು (ಸೀಳಿನ ಎರಡು ಬದಿ) ಸಮ ಇಲ್ಲ. 10 ಪಟ್ಟು ಹಿಗ್ಗಿಸುವ ಮಸೂರದಲ್ಲಿ ತುದಿಯನ್ನು ಎದುರಿನಿಂದ ನೋಡಿದರೆ ಒಂದು ಮೇಲೆ, ಒಂದು ಕೆಳಗೆ ಕಾಣುತ್ತದೆ. ಮೇಲಿರುವುದನ್ನು ಉಗುರಿನಿಂದ ಕೆಳಕ್ಕೆ ಒತ್ತಿ ಎರಡು ಸೆಕೆಂಡ್ ಹಿಡಿಯಿರಿ, ಮತ್ತೆ ನೋಡಿ. ಇಷ್ಟಿಷ್ಟೇ ಒತ್ತಬೇಕು. ಮರಳುಕಾಗದ ತರುವ ಮೊದಲು ಇದನ್ನು ಮಾಡಿ: ಎಸಳು ಸಮವಿಲ್ಲದ ನಿಬ್ಬನ್ನು ಉಜ್ಜಿದರೆ ಒಂದೇ ಬದಿ ಸವೆದು ಶಾಶ್ವತವಾಗಿ ಹಾಳು. ತುದಿಯ ಗಟ್ಟಿ ಲೋಹದ ಗುಂಡು ಬಹಳ ಚಿಕ್ಕದು, ಹೋದದ್ದು ಬರುವುದಿಲ್ಲ.

#16 · ಕರಿಹಲಗೆ
ಮೇಲಿನದಕ್ಕೆ ಸೇರಿಸುವುದು: ಡ್ರಾಯಿಂಗ್ ಇಂಕು, ಇಂಡಿಯನ್ ಇಂಕು ಎಂದೂ ಹಾಕಬೇಡಿ. ಅದರಲ್ಲಿರುವ ಅರಗು ಒಣಗಿದರೆ ಫೀಡಿನ ಸಣ್ಣ ಕಾಲುವೆ ಮುಚ್ಚಿ ನೀರಿಗೆ ಕರಗುವುದಿಲ್ಲ. ಮಿನುಗು ಪುಡಿ ಇರುವ ಶಾಯಿ ಸಣ್ಣ ನಿಬ್ಬುಗಳಿಗೆ ಆಗದು. ಕಬ್ಬಿಣಾಂಶದ ಶಾಯಿ ಹಾಕುವುದಾದರೆ ತಿಂಗಳಿಗೊಮ್ಮೆಯಾದರೂ ತೊಳೆಯಲೇಬೇಕು, ಸ್ಟೀಲ್ ನಿಬ್ಬಿಗೆ ಆಮ್ಲದ ಸಹವಾಸ ಒಳ್ಳೆಯದಲ್ಲ.

#17 · ಕಾಗುಣಿತ
ಕಾಕುನೊ ಎಫ್ ಅಂತ ನಿರ್ಧಾರ. ಜೊತೆಗೆ ಒಂದು ಪ್ರೆಪ್ಪಿ 03, ವಾರಗಟ್ಟಲೆ ಚೀಲದಲ್ಲಿ ಬಿದ್ದಿರಲಿಕ್ಕೆ. ಕೊನೆಯ ಪ್ರಶ್ನೆ: ಕಾನ್-70 ಸದ್ಯಕ್ಕೆ ತರಿಸುತ್ತಿಲ್ಲ. ಜೊತೆಗೆ ಬರುವ ಕಾರ್ಟ್ರಿಡ್ಜನ್ನೇ ಮತ್ತೆ ತುಂಬಬಹುದೇ?

#18 · ಓಲೆಗರಿ
ಧಾರಾಳವಾಗಿ. ಪೈಲಟ್ ಕಾರ್ಟ್ರಿಡ್ಜಿನ ಬಾಯಿ ಅಗಲ, ತುಂಬುವುದು ಸುಲಭ. ಮೊಂಡು ಸೂಜಿಯ ಸಿರಿಂಜ್ ತಗೊಳ್ಳಿ, ಚೂಪು ಸೂಜಿ ಗೋಡೆಗೆ ಚುಚ್ಚುತ್ತದೆ. ಖಾಲಿ ಕಾರ್ಟ್ರಿಡ್ಜನ್ನು ನೀರಿನಿಂದ ಎರಡು ಸಲ ತೊಳೆದು ಒಣಗಿಸಿ, ಸೂಜಿಯನ್ನು ತಳಕ್ಕೆ ಮುಟ್ಟಿಸಿ, ಶಾಯಿ ಏರಿದಂತೆ ಮೇಲಕ್ಕೆ ಎತ್ತುತ್ತ 0.8 ಮಿ.ಲೀ. ಬಿಡಿ. ಬಾಯಿಯವರೆಗೆ ತುಂಬಿದರೆ ಕೂರಿಸುವಾಗ ಹೊರಚೆಲ್ಲುತ್ತದೆ. ಕಾರ್ಟ್ರಿಡ್ಜನ್ನು ನೆಟ್ಟಗೆ ನಿಲ್ಲಿಸಿ ಹಿಡಿಕೆಯನ್ನು ಮೇಲಿನಿಂದ ಒತ್ತಿ, ನಿಬ್ಬು ಕೆಳಗೆ ಮಾಡಿ ಐದು ನಿಮಿಷ ಇಟ್ಟರೆ ಮಸಿ ಇಳಿಯುತ್ತದೆ. ಪದೇ ಪದೇ ತೆಗೆದು ಹಾಕಿದ ಮೇಲೆ ಬಾಯಿ ಸಡಿಲವಾಗುತ್ತದೆ. ಹಿಡಿಕೆಯ ಒಳಗಡೆ ಮಸಿಯ ಪಸೆ ಕಂಡ ದಿನ ಆ ಕಾರ್ಟ್ರಿಡ್ಜನ್ನು ಎಸೆದುಬಿಡಿ.